ಬಸಿರಿನಲ್ಲಿ ರೋಗನಿರೋಧಕ ವ್ಯವಸ್ಥೆ: ಯಾವ ವಾರ ಏನಾಗುತ್ತದೆ, ಎಲ್ಲಿ ಕೈಕೊಡುತ್ತದೆ, ಏನು ಮಾಡಬೇಕು

ಐದು ತಿಂಗಳ ಬಸುರಿಯ ರಕ್ತಪರೀಕ್ಷೆ ವರದಿ ಮೊಬೈಲಿಗೆ ಬರುತ್ತದೆ. ಬಿಳಿ ರಕ್ತಕಣ 13,200, ಪಕ್ಕದಲ್ಲಿ ಕೆಂಪು ಗುರುತು. ಇಎಸ್‌ಆರ್ (ಉರಿಯೂತದ ಸುಳಿವು ಕೊಡುವ ಅಳತೆ) 48, ಅದಕ್ಕೂ ಕೆಂಪು. ಮನೆಯಲ್ಲಿ ಒಬ್ಬರು 'ಒಳಗೆಲ್ಲೋ ಇನ್ಫೆಕ್ಷನ್ ಇದೆ' ಅನ್ನುತ್ತಾರೆ, ಇನ್ನೊಬ್ಬರು 'ಇಮ್ಯೂನಿಟಿ ಇಳಿದಿದೆ, ಅಮೃತಬಳ್ಳಿ ಕಷಾಯ ಶುರು ಮಾಡು' ಅನ್ನುತ್ತಾರೆ. ಎರಡೂ ಸರಿಯಲ್ಲ. ಲ್ಯಾಬಿನ ಕಂಪ್ಯೂಟರ್ ಹೋಲಿಸಿ ನೋಡಿರುವುದು ಬಸುರಿಯಲ್ಲದ ಹೆಂಗಸರ ಅಂಕಿಗಳ ಜೊತೆ. ಐದನೇ ತಿಂಗಳಿಗೆ ಈ ಎರಡೂ ಅಂಕಿ ಮಾಮೂಲು.

ಬಸಿರಿನಲ್ಲಿ ರೋಗನಿರೋಧಕ ಶಕ್ತಿ ಒಟ್ಟಾರೆ ಕುಗ್ಗುತ್ತದೆ ಎಂದು ಹೇಳುವುದು ಅರ್ಧ ಮಾತ್ರ ನಿಜ. ಅದರ ಕೆಲವು ಅಂಗಗಳು ತಗ್ಗುತ್ತವೆ, ಕೆಲವು ಚುರುಕಾಗುತ್ತವೆ, ಮತ್ತು ಇದು ವಾರದಿಂದ ವಾರಕ್ಕೆ ಬದಲಾಗುತ್ತದೆ. ಹಾಗಾಗಿ ಯಾವ ಪರೀಕ್ಷೆ, ಯಾವ ಲಸಿಕೆ, ಯಾವ ಮಾತ್ರೆ ಎಂಬ ಪ್ರಶ್ನೆಗಿಂತ ಮೊದಲು 'ಈಗ ಎಷ್ಟನೇ ವಾರ' ಎಂದು ಕೇಳಬೇಕು. ಕೊನೆಯ ಮುಟ್ಟಿನ ಮೊದಲ ದಿನದಿಂದ ವಾರ ಎಣಿಸಿ, ಮೊದಲ ಸ್ಕ್ಯಾನಿನಲ್ಲಿ ದಿನಾಂಕ ತಿದ್ದಿದ್ದರೆ ಅದನ್ನೇ ಹಿಡಿಯಿರಿ. ಮುಂದೆ ಬರುವ ಔಷಧದ ಪ್ರಮಾಣಗಳು ಡಾಕ್ಟರ ಜೊತೆ ಮಾತಾಡುವಾಗ ನಿಮಗೆ ಗೊತ್ತಿರಲಿ ಎಂದು ಕೊಟ್ಟಿದ್ದು, ಮೆಡಿಕಲ್ ಸ್ಟೋರಿಗೆ ಹೋಗಿ ಕೊಳ್ಳಲಿಕ್ಕಲ್ಲ.

ಒಳಗೆ ನಡೆಯುವುದೇನು

ಮಗುವಿನ ಅರ್ಧ ವಂಶವಾಹಿ ತಂದೆಯದು. ಬೇರೆಯವರ ಕಿಡ್ನಿ ಕಸಿ ಮಾಡಿದರೆ ದೇಹ ಅದನ್ನು ಹೊರದೂಡುತ್ತದೆ. ಹಾಗಿದ್ದರೆ ಮಗುವನ್ನು ಒಂಬತ್ತು ತಿಂಗಳು ಹೇಗೆ ಇಟ್ಟುಕೊಳ್ಳುತ್ತದೆ? ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಟ್ಟವರು ಬ್ರಿಟನ್ನಿನ ಪೀಟರ್ ಮೆಡಾವರ್, 1953ರಲ್ಲಿ. ತಾಯಿಯ ಪ್ರತಿರೋಧ ಮಂಕಾಗಿರಬಹುದು ಎಂಬುದು ಅವರು ಮುಂದಿಟ್ಟ ಉತ್ತರಗಳಲ್ಲೊಂದು. ಮುಂದೆ ಗೊತ್ತಾದದ್ದು ಇನ್ನೂ ಕುತೂಹಲಕರ: ತಾಯಿಯ ರಕ್ಷಣಾ ಕೋಶಗಳು ಸುಮ್ಮನಿರುವುದಿಲ್ಲ, ಮಾಸು ಬೇರೂರಲು ನೆರವಾಗುತ್ತವೆ.

ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದಲ್ಲಿರುವ ಬಿಳಿ ಕಣಗಳಲ್ಲಿ ನೂರಕ್ಕೆ ಸುಮಾರು 70 ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳು. ರಕ್ತದಲ್ಲಿರುವ ಎನ್‌ಕೆ ಕೋಶ ವೈರಸ್ ಹೊಕ್ಕ ಕೋಶವನ್ನು ಕೊಲ್ಲುತ್ತದೆ. ಗರ್ಭಕೋಶದ್ದು ಹಾಗಲ್ಲ, ರಕ್ತನಾಳಗಳನ್ನು ಹಿಗ್ಗಿಸುವ ಕೆಲಸಕ್ಕೆ ಕೈಜೋಡಿಸುತ್ತದೆ. ಮಾಸಿನ ಹೊರಕೋಶಗಳು ಗರ್ಭಕೋಶದ ಗೋಡೆಗೆ ಇಳಿಯುವಾಗ, ಕಸಿಯ ಜಗಳಕ್ಕೆ ಕಾರಣವಾಗುವ ಎಚ್‌ಎಲ್‌ಎ-ಎ ಮತ್ತು ಬಿ ಗುರುತುಗಳನ್ನು ತೋರಿಸುವುದೇ ಇಲ್ಲ. ಬದಲಿಗೆ ಎಚ್‌ಎಲ್‌ಎ-ಜಿ, ಇ ಮತ್ತು ಸಿ ತೋರಿಸುತ್ತವೆ. ಎನ್‌ಕೆ ಕೋಶ ಇವನ್ನು ಓದಿ 'ಬಿಡು' ಎಂಬ ಸೂಚನೆ ಪಡೆಯುತ್ತದೆ. ಜೊತೆಗೆ ನಿಯಂತ್ರಕ ಟಿ ಕೋಶಗಳು ಹೆಚ್ಚಾಗಿ ತಂದೆಯ ಕಡೆಯ ಗುರುತುಗಳ ಮೇಲೆ ದಾಳಿಯಾಗದಂತೆ ತಡೆಯುತ್ತವೆ, ಬಸಿರಿನ ಹಾರ್ಮೋನ್ ಪ್ರೊಜೆಸ್ಟರಾನ್ ಇದಕ್ಕೆ ಬೆಂಬಲ. ಸುಮಾರು 20ನೇ ವಾರದ ಹೊತ್ತಿಗೆ ಸುರುಳಿಯಾಗಿದ್ದ ಸಣ್ಣ ರಕ್ತನಾಳಗಳು ಸ್ನಾಯುಪದರ ಕಳೆದುಕೊಂಡು, ಕಿರು ಪೈಪು ಹೋಗಿ ಕಾಲುವೆಯಾದ ಹಾಗೆ ಅಗಲವಾಗಿರುತ್ತವೆ.

ಬಸಿರು ಕಚ್ಚುವ ಮೊದಲ ವಾರಗಳಲ್ಲಿ ಗರ್ಭಕೋಶದಲ್ಲಿ ಒಂದಷ್ಟು ಉರಿಯೂತ ಇರುತ್ತದೆ, ಇರಲೇಬೇಕು. ನಡುವಿನ ತಿಂಗಳುಗಳು ಶಾಂತ. ಹೆರಿಗೆ ಹತ್ತಿರವಾದಾಗ ಉರಿಯೂತ ಮತ್ತೆ ಏರಿ ನೋವು ಶುರುವಾಗಲು ದಾರಿ ಮಾಡುತ್ತದೆ. ಸೋಂಕಿನಿಂದ ಈ ಕೊನೆಯ ಹಂತ ಬೇಗನೆ ಕೆರಳಿದರೆ ಅವಧಿಪೂರ್ವ ಹೆರಿಗೆ. ಮೂತ್ರದ ಸೋಂಕಿಗೂ ಹಲ್ಲಿನ ವಸಡಿಗೂ ಡಾಕ್ಟರು ಇಷ್ಟು ತಲೆಕೆಡಿಸಿಕೊಳ್ಳುವುದು ಇದಕ್ಕೇ.

ಮೊದಲ ಹೆಜ್ಜೆ: ಬಸಿರಿಗೆ ಮುಂಚೆ

ರುಬೆಲ್ಲಾ ಮತ್ತು ಚಿಕನ್‌ಪಾಕ್ಸ್ ಲಸಿಕೆಗಳಲ್ಲಿ ಜೀವಂತ ವೈರಸ್ ಇರುವುದರಿಂದ ಬಸಿರಿನಲ್ಲಿ ಕೊಡುವುದಿಲ್ಲ. ರುಬೆಲ್ಲಾ ಐಜಿಜಿ (ಹಿಂದಿನ ಸೋಂಕು ಅಥವಾ ಲಸಿಕೆಯಿಂದ ಉಳಿದ ಪ್ರತಿಕಾಯ) ನೆಗೆಟಿವ್ ಇದ್ದರೆ ಎಂಎಂಆರ್ ಹಾಕಿಸಿಕೊಂಡು ಕನಿಷ್ಠ ಒಂದು ತಿಂಗಳು ಕಾಯಿರಿ. ಬಸಿರಾದ ಮೇಲೆ ನೆಗೆಟಿವ್ ಎಂದು ಗೊತ್ತಾದರೆ ಹೆರಿಗೆಯಾದ ಮೇಲೆ ಹಾಕಿಸಬಹುದು, ಹಾಲೂಡಿಸಲು ಅಡ್ಡಿಯಿಲ್ಲ.

ಲೂಪಸ್, ಸಂಧಿವಾತ, ಕರುಳಿನ ಉರಿಯೂತದಂಥ, ರಕ್ಷಣಾ ವ್ಯವಸ್ಥೆ ಸ್ವಂತ ದೇಹದ ಮೇಲೇ ತಿರುಗುವ ಆಟೊಇಮ್ಯೂನ್ ಕಾಯಿಲೆ ಇದ್ದವರಿಗೆ ಈ ಹೆಜ್ಜೆಯೇ ದೊಡ್ಡದು. ಲೂಪಸ್ ಕನಿಷ್ಠ ಆರು ತಿಂಗಳು ತಣ್ಣಗಿರಬೇಕು. ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್, ಸೈಕ್ಲೊಫಾಸ್ಫಮೈಡ್ ಮೊದಲೇ ನಿಲ್ಲಿಸಿ ಬೇರೆ ಔಷಧಕ್ಕೆ ಬದಲಾಗಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ನಿಲ್ಲಿಸಬಾರದು. 'ಬಸುರಿ, ಮಾತ್ರೆ ಬೇಡ' ಎಂದು ಮನೆಯವರೇ ಅದನ್ನು ಬಿಡಿಸುವುದುಂಟು. ಬಿಟ್ಟಾಗ ಲೂಪಸ್ ಕೆರಳಿ ಮಗುವಿಗೇ ಅಪಾಯ.

ಎರಡನೇ ಹೆಜ್ಜೆ: ಮೊದಲ ಭೇಟಿಯಲ್ಲಿ ಕೇಳಿ ಪಡೆಯಬೇಕಾದ್ದು

ರಕ್ತದ ಗುಂಪು ಮತ್ತು ಆರ್‌ಎಚ್, ಹಿಮೋಗ್ಲೋಬಿನ್ ಸಮೇತ ರಕ್ತಕಣಗಳ ಪೂರ್ಣ ಎಣಿಕೆ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್-ಬಿ, ಥೈರಾಯ್ಡ್, ಸಕ್ಕರೆ, ಮೂತ್ರದ ಕಲ್ಚರ್. ಬೆಂಗಳೂರಿನಲ್ಲಿ ಪಾಲಿಕೆಯ ಹೆರಿಗೆ ಆಸ್ಪತ್ರೆ, ನಮ್ಮ ಕ್ಲಿನಿಕ್, ಕೋಟೆ ಬಳಿಯ ವಾಣಿವಿಲಾಸ, ಶಿವಾಜಿನಗರದ ಘೋಷಾ, ಎಲ್ಲಿ ತೋರಿಸಿದರೂ ತಾಯಿ ಕಾರ್ಡ್ ಮಾಡಿಸಿ. ಖಾಸಗಿಯಲ್ಲಿ ತೋರಿಸುವವರೂ ಮಾಡಿಸಬಹುದು, ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ಇರುತ್ತದೆ.

ಮೂತ್ರದ ಕಲ್ಚರಿಗೆ ಮಾದರಿ ಕೊಡುವ ರೀತಿ ಮುಖ್ಯ. ಮೊದಲು ನೀರಿನಿಂದ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನ ಧಾರೆಯನ್ನು ಮಾತ್ರ ಡಬ್ಬಿಗೆ ಹಿಡಿಯಬೇಕು. ಇಲ್ಲದಿದ್ದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳೆಲ್ಲ ಬೆಳೆದು ವರದಿ ಗೋಜಲಾಗುತ್ತದೆ. ಒಂದೇ ಜಾತಿಯ ಬ್ಯಾಕ್ಟೀರಿಯಾ ಮಿಲಿಲೀಟರಿಗೆ 1 ಲಕ್ಷ ದಾಟಿದ್ದರೆ ಉರಿ, ನೋವು ಏನೂ ಇಲ್ಲದಿದ್ದರೂ ಚಿಕಿತ್ಸೆ ಬೇಕು. ಬಸುರಿಯಲ್ಲದವರಿಗೆ ಇದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಬಸಿರಿನಲ್ಲಿ ಪ್ರೊಜೆಸ್ಟರಾನಿನಿಂದ ಮೂತ್ರನಾಳಗಳು ಸಡಿಲವಾಗಿ ಸೋಂಕು ಸಲೀಸಾಗಿ ಕಿಡ್ನಿಗೆ ಏರುತ್ತದೆ.

ಮೂರನೇ ಹೆಜ್ಜೆ: ವರದಿಯನ್ನು ಬಸಿರಿನ ಕಣ್ಣಲ್ಲಿ ಓದುವುದು

ಕೆಂಪು ಗುರುತು ಬಿದ್ದದ್ದೆಲ್ಲ ಕೆಟ್ಟದ್ದಲ್ಲ. ಅದಕ್ಕಿಂತ ಅಪಾಯದ್ದು, ಕೆಂಪು ಬೀಳಬೇಕಾದ ಕಡೆ ಬೀಳದಿರುವುದು.

ಬಿಳಿ ರಕ್ತಕಣ ಬಸಿರಿನಲ್ಲಿ 15–16 ಸಾವಿರದವರೆಗೆ ಏರಬಹುದು. ಹೆರಿಗೆ ನೋವಿನ ದಿನ 25 ಸಾವಿರ ದಾಟಿದರೂ ಅದೊಂದರಿಂದಲೇ ಸೋಂಕು ಎಂದು ಹೇಳಲಾಗದು. ಇಎಸ್‌ಆರ್ ಹೇಗೂ ಏರುತ್ತದೆ, ಈ ಒಂಬತ್ತು ತಿಂಗಳು ಅದರಿಂದ ಏನೂ ತಿಳಿಯುವುದಿಲ್ಲ, ಮಾಡಿಸದಿದ್ದರೂ ನಷ್ಟವಿಲ್ಲ. ಆಲ್ಕಲೈನ್ ಫಾಸ್ಫಟೇಸ್ ಏರುವುದು ಮಾಸಿನಿಂದ, ಲಿವರ್ ಕೆಟ್ಟು ಅಲ್ಲ. ಪ್ಲೇಟ್‌ಲೆಟ್ ಸ್ವಲ್ಪ ಇಳಿಯುತ್ತದೆ. ಕೊನೆಯ ತಿಂಗಳುಗಳಲ್ಲಿ 1.2 ಲಕ್ಷ ಇದ್ದು ಬಿಪಿ ಸರಿಯಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 1 ಲಕ್ಷಕ್ಕಿಂತ ಕೆಳಗಿಳಿದರೆ ಕಾರಣ ಹುಡುಕಬೇಕು.

ಇನ್ನು ಯಂತ್ರ ಹಿಡಿಯದ ಎರಡು ಅಂಕಿಗಳು. ಕ್ರಿಯಾಟಿನಿನ್ ಬಸಿರಿನಲ್ಲಿ 0.4–0.8ಕ್ಕೆ ಇಳಿಯುತ್ತದೆ. 1.0 ಬಂದರೆ ಲ್ಯಾಬ್ 'ನಾರ್ಮಲ್' ಎಂದು ಮುದ್ರಿಸುತ್ತದೆ, ಆದರೆ ಬಸುರಿಗೆ ಅದು ಹೆಚ್ಚು. ಇನ್ನೊಂದು, ಜ್ವರ ಬಂದಾಗ ಬಿಳಿ ಕಣ 4,500. ಯಂತ್ರದ ಪ್ರಕಾರ ಅದೂ ನಾರ್ಮಲ್. ಎರಡು ವಾರದ ಹಿಂದೆ ಅದೇ ಹೆಂಗಸಿನಲ್ಲಿ 12,000 ಇತ್ತು ಎಂದರೆ ಇದು ದೊಡ್ಡ ಕುಸಿತ, ಬೆಂಗಳೂರಿನ ಮಳೆಗಾಲದಲ್ಲಿ ಡೆಂಗಿಯನ್ನೇ ಮೊದಲು ನೆನೆಯಬೇಕು. ಹಾಗಾಗಿ ಹಳೆಯ ವರದಿಗಳನ್ನು ಫೋನಿನಲ್ಲಿ ಒಂದೇ ಕಡೆ ಇಟ್ಟುಕೊಳ್ಳಿ. ಬಸುರಿಯ ಅಂಕಿಯನ್ನು ಅವಳದೇ ಹಿಂದಿನ ಅಂಕಿಗೆ ಹೋಲಿಸಬೇಕು.

ನಾಲ್ಕನೇ ಹೆಜ್ಜೆ: 12ರಿಂದ 16ನೇ ವಾರ, ಆಸ್ಪಿರಿನ್ ಬೇಕೇ?

ಮಾಸಿನ ಕೋಶಗಳು ಸಾಕಷ್ಟು ಆಳಕ್ಕೆ ಇಳಿಯದೆ, ರಕ್ತನಾಳಗಳು ಹಿಗ್ಗದೆ ಉಳಿದರೆ ಮಾಸಿಗೆ ರಕ್ತ ಸಾಲುವುದಿಲ್ಲ. ಒತ್ತಡಕ್ಕೆ ಸಿಕ್ಕ ಮಾಸು ತಾಯಿಯ ರಕ್ತಕ್ಕೆ ಬಿಡುವ ಪದಾರ್ಥಗಳು ಅವಳ ರಕ್ತನಾಳಗಳ ಒಳಗೋಡೆಯನ್ನು ಕೆಡಿಸುತ್ತವೆ. ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ಲಿವರ್, ಕಿಡ್ನಿ, ಮಿದುಳಿಗೆ ಪೆಟ್ಟು ಬೀಳುತ್ತದೆ. ಇದೇ ಪ್ರಿಎಕ್ಲಾಂಪ್ಸಿಯಾ. ರೋಗನಿರೋಧಕ ಹೊಂದಾಣಿಕೆ ತಪ್ಪಿದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದಿಲ್ಲ. ಚೊಚ್ಚಲ ಬಸಿರಿನಲ್ಲಿ ಇದು ಹೆಚ್ಚು, ತಂದೆಯ ಗುರುತುಗಳ ಪರಿಚಯ ದೇಹಕ್ಕೆ ಇನ್ನೂ ಹೊಸದು ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ದಾನಿಯ ಅಂಡಾಣುವಿನಿಂದ ಐವಿಎಫ್ ಮಾಡಿಸಿದವರಲ್ಲಿ ಇನ್ನೂ ಹೆಚ್ಚು. ಅಲ್ಲಿ ಮಗುವಿನಲ್ಲಿ ತಾಯಿಯ ವಂಶವಾಹಿಯೇ ಇರುವುದಿಲ್ಲ. ಬೀದಿಗೊಂದು ಫರ್ಟಿಲಿಟಿ ಕೇಂದ್ರವಿರುವ ಈ ಊರಿನಲ್ಲಿ ಈ ವಿಷಯವನ್ನು ಮುಂಚಿತವಾಗಿ ಹೇಳುವವರು ಕಡಿಮೆ.

ತಡೆಯುವ ಅವಕಾಶ ಸಣ್ಣದು. ಕಡಿಮೆ ಪ್ರಮಾಣದ ಆಸ್ಪಿರಿನ್, 75ರಿಂದ 150 ಮಿ.ಗ್ರಾಂ, ರಾತ್ರಿ ಮಲಗುವ ಮುಂಚೆ, 12ನೇ ವಾರದಿಂದ, ತಡವೆಂದರೆ 16ರೊಳಗೆ. ರಕ್ತನಾಳ ಹಿಗ್ಗುವ ಕೆಲಸ ನಡೆಯುತ್ತಿರುವಾಗಲೇ ಶುರುವಾಗಬೇಕು, 24ನೇ ವಾರದಲ್ಲಿ ಬಿಪಿ ಏರಿದ ಮೇಲೆ ಶುರುಮಾಡಿದರೆ ಫಲ ಅತ್ಯಲ್ಪ. ಯಾರಿಗೆ ಬೇಕು? ಹಿಂದಿನ ಬಸಿರಿನಲ್ಲಿ ಪ್ರಿಎಕ್ಲಾಂಪ್ಸಿಯಾ ಆಗಿದ್ದವರು, ಮೊದಲೇ ಬಿಪಿ, ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ಕಾಯಿಲೆ ಇದ್ದವರು, ಲೂಪಸ್ ಅಥವಾ ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ (ಪ್ರತಿಕಾಯಗಳಿಂದ ರಕ್ತ ಹೆಪ್ಪುಗಟ್ಟುವ ಕಾಯಿಲೆ) ಇದ್ದವರು, ಅವಳಿ ಬಸುರಿಯರು: ಇವುಗಳಲ್ಲಿ ಒಂದಿದ್ದರೂ ಸಾಕು. ಚೊಚ್ಚಲು, ವಯಸ್ಸು 35 ದಾಟಿರುವುದು, ತೂಕ ವಿಪರೀತ ಇರುವುದು, ತಾಯಿಗೋ ಅಕ್ಕತಂಗಿಗೋ ಆಗಿದ್ದುದು, ಐವಿಎಫ್: ಇವುಗಳಲ್ಲಿ ಎರಡಿದ್ದರೆ ಡಾಕ್ಟರನ್ನು ನೇರವಾಗಿ ಕೇಳಿ. 11ರಿಂದ 13ನೇ ವಾರದ ಸ್ಕ್ಯಾನಿನ ಜೊತೆ ಗರ್ಭಕೋಶದ ರಕ್ತನಾಳದ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್), ಬಿಪಿ ಮತ್ತು ಮಾಸಿನ ಪ್ರೋಟೀನಾದ ಪಿಎಲ್‌ಜಿಎಫ್ ರಕ್ತಪರೀಕ್ಷೆ ಸೇರಿಸಿ ಅಪಾಯ ಲೆಕ್ಕ ಹಾಕುವ ಸೌಲಭ್ಯ ಬೆಂಗಳೂರಿನಲ್ಲಿದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆ, 500 ಮಿ.ಗ್ರಾಂ ದಿನಕ್ಕೆ ಎರಡು, ಮೂಳೆಗಷ್ಟೇ ಎಂದುಕೊಳ್ಳಬೇಡಿ. ಹಾಲು-ಮೊಸರು ಕಡಿಮೆ ತಿನ್ನುವವರಲ್ಲಿ ಪ್ರಿಎಕ್ಲಾಂಪ್ಸಿಯಾ ತಗ್ಗಿಸುತ್ತದೆ. ಕಬ್ಬಿಣದ ಮಾತ್ರೆಯ ಜೊತೆ ನುಂಗಬೇಡಿ, ಒಂದು ಇನ್ನೊಂದನ್ನು ಹೀರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ಎರಡು ಗಂಟೆ ಅಂತರ ಬಿಟ್ಟು. ಕಬ್ಬಿಣ ನುಂಗಿದ ತಕ್ಷಣ ಕಾಫಿಯೂ ಬೇಡ.

ಐದನೇ ಹೆಜ್ಜೆ: 20ನೇ ವಾರದ ನಂತರ ಮನೆಯಲ್ಲೇ ಬಿಪಿ

ಅಪಾಯ ಹೆಚ್ಚಿರುವವರು ವಾರಕ್ಕೆ ಎರಡು ಮೂರು ಸಲ ನೋಡಿಕೊಂಡರೆ ಒಳ್ಳೆಯದು. ತೋಳಿಗೆ ಕಟ್ಟುವ ಯಂತ್ರ ಕೊಳ್ಳಿ, ಮಣಿಕಟ್ಟಿನದು ಬೇಡ. ಪಟ್ಟಿಯ ಮೇಲೆ ಬರೆದಿರುವ ಸುತ್ತಳತೆ ನಿಮ್ಮ ತೋಳಿಗೆ ಹೊಂದಬೇಕು. 22–32 ಸೆಂ.ಮೀ. ಪಟ್ಟಿಯನ್ನು 35 ಸೆಂ.ಮೀ. ತೋಳಿಗೆ ಕಟ್ಟಿದರೆ ಬಿಪಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಹಲವು ಯಂತ್ರಗಳು ಪ್ರಿಎಕ್ಲಾಂಪ್ಸಿಯಾದಲ್ಲಿ ನಿಜಕ್ಕಿಂತ ಕಡಿಮೆ ತೋರಿಸುತ್ತವೆ. ಆದ್ದರಿಂದ ತಪಾಸಣೆಗೆ ಹೋಗುವಾಗ ಯಂತ್ರವನ್ನೂ ಒಯ್ದು ಆಸ್ಪತ್ರೆಯ ಅಳತೆಯ ಜೊತೆ ಒಮ್ಮೆ ತಾಳೆ ನೋಡಿ.

ಕಾಫಿ ಕುಡಿದು ಅರ್ಧ ಗಂಟೆಯಾಗಿರಲಿ, ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂತು, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕದೆ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಮಾತಾಡದೆ ಅಳೆಯಿರಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಎರಡನ್ನೂ ಬರೆದಿಡಿ.

140/90 ಅಥವಾ ಹೆಚ್ಚು ಬಂದು, ಮತ್ತೆ ನೋಡಿದಾಗಲೂ ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. 160/110 ಮುಟ್ಟಿದರೆ 15 ನಿಮಿಷ ಬಿಟ್ಟು ಮತ್ತೆ ನೋಡಿ, ಇಳಿಯದಿದ್ದರೆ ನೇರ ಆಸ್ಪತ್ರೆಗೆ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ದೂರದ 'ನಮ್ಮ ಡಾಕ್ಟರ' ಆಸ್ಪತ್ರೆಗೆ ಹೊರಡಬೇಡಿ. ಹೆರಿಗೆ ವಿಭಾಗವಿರುವ ಹತ್ತಿರದ ಆಸ್ಪತ್ರೆಯಲ್ಲಿ ಬಿಪಿ ಇಳಿಸುವ ಔಷಧ ಮತ್ತು ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಡಿಸಿಕೊಂಡು, ಆಮೇಲೆ ಬೇಕಾದರೆ ವರ್ಗವಾಗಿ. 108ಕ್ಕೆ ಫೋನ್ ಮಾಡಿದರೂ ಇದನ್ನೇ ಹೇಳಿ.

ಅಳತೆ ಇಲ್ಲದೆಯೂ ಹೊರಡಬೇಕಾದ ಲಕ್ಷಣಗಳಿವೆ: ಪ್ಯಾರಾಸಿಟಮಾಲಿಗೆ ಬಗ್ಗದ ತಲೆನೋವು, ಕಣ್ಣ ಮುಂದೆ ಮಿಂಚು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಮುಖ ದಿಢೀರ್ ಊದುವುದು, ಉಸಿರು ಕಟ್ಟುವುದು. ಪಕ್ಕೆಲುಬಿನ ಕೆಳಗಿನ ನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಆ್ಯಂಟಾಸಿಡ್ ಕುಡಿದು ಮಲಗುವುದು ಬಹಳ ನಡೆಯುವ ತಪ್ಪು. ಅದು ಲಿವರ್ ಊದಿ, ಪ್ಲೇಟ್‌ಲೆಟ್ ಕುಸಿಯುತ್ತಿರುವ ಹೆಲ್ಪ್ ಸಿಂಡ್ರೋಮಿನ ನೋವಿರಬಹುದು. ಪಾದದ ಊತವೊಂದೇ ಇದ್ದರೆ ಅಷ್ಟು ಚಿಂತೆ ಬೇಡ.

ಆರನೇ ಹೆಜ್ಜೆ: 27ರಿಂದ 36ನೇ ವಾರ, ಸೀಮಂತದ ಗದ್ದಲದಲ್ಲಿ ತಪ್ಪಿಹೋಗುವ ಕೆಲಸಗಳು

ಏಳನೇ ತಿಂಗಳಲ್ಲಿ ಸೀಮಂತ, ಆಮೇಲೆ ತವರು. ಬೆಂಗಳೂರಿನ ಡಾಕ್ಟರು 'ಊರಲ್ಲಿ ಹಾಕಿಸ್ಕೊಳ್ಳಿ' ಅನ್ನುತ್ತಾರೆ, ಊರಿನವರು 'ಅಲ್ಲೇ ಆಗಿರುತ್ತೆ' ಅಂದುಕೊಳ್ಳುತ್ತಾರೆ. ರೋಗನಿರೋಧಕ ದೃಷ್ಟಿಯಿಂದ ಅತಿ ಮುಖ್ಯವಾದ ಎರಡು ಚುಚ್ಚುಮದ್ದು ಬರುವುದು ಸರಿಯಾಗಿ ಈ ಬಿರುಕಿನಲ್ಲಿ.

ಒಂದು, ಟಿಡ್ಯಾಪ್. ತಾಯಿಯ ಐಜಿಜಿ ಪ್ರತಿಕಾಯಗಳು ಸುಮಾರು 13ನೇ ವಾರದಿಂದ ಮಾಸಿನ ಮೂಲಕ ಮಗುವಿಗೆ ದಾಟಲು ಶುರುವಾದರೂ ಬಹುಪಾಲು ದಾಟುವುದು 28ನೇ ವಾರದ ನಂತರ. ದಿನ ತುಂಬಿದ ಮಗುವಿನ ರಕ್ತದಲ್ಲಿ ಐಜಿಜಿ ತಾಯಿಗಿಂತಲೂ ಹೆಚ್ಚಿರುತ್ತದೆ. ಅದಕ್ಕೇ ನಾಯಿಕೆಮ್ಮಿನ ರಕ್ಷಣೆಯಿರುವ ಟಿಡ್ಯಾಪನ್ನು 27ರಿಂದ 36ನೇ ವಾರದೊಳಗೆ ಕೊಡುವುದು. ಮಗುವಿಗೆ ಅದರದೇ ಮೊದಲ ಡೋಸ್ ಸಿಗುವುದು ಆರು ವಾರವಾದಾಗ, ಅಲ್ಲಿಯವರೆಗೆ ತಾಯಿ ಕೊಟ್ಟದ್ದೇ ಗತಿ. ಸರ್ಕಾರದ ಉಚಿತ ಕಾರ್ಯಕ್ರಮದಲ್ಲಿರುವುದು ಟಿಡಿ (ಧನುರ್ವಾಯು ಮತ್ತು ಡಿಫ್ತೀರಿಯಾ ಲಸಿಕೆ), ಅದರಲ್ಲಿ ನಾಯಿಕೆಮ್ಮಿಗೆ ರಕ್ಷಣೆ ಇಲ್ಲ. ಎರಡನೇ ಟಿಡಿ ಬದಲು ಟಿಡ್ಯಾಪ್ ಹಾಕಬಹುದೇ ಎಂದು ಕೇಳಿ, ಖಾಸಗಿಯಲ್ಲಿ ಹಣ ಕೊಟ್ಟು ಪಡೆಯಬೇಕು. ಪ್ರತಿ ಬಸಿರಿಗೂ ಹೊಸದಾಗಿ ಬೇಕು.

ಇನ್ನೊಂದು, ಆರ್‌ಎಚ್ ನೆಗೆಟಿವ್ ತಾಯಂದಿರಿಗೆ ಆ್ಯಂಟಿ-ಡಿ. ಮಗು ಪಾಸಿಟಿವ್ ಇದ್ದರೆ ಅದರ ಕೆಂಪು ಕಣ ತಾಯಿಯ ರಕ್ತಕ್ಕೆ ಸೇರಿದಾಗ ಅವಳ ದೇಹ ಪ್ರತಿಕಾಯ ತಯಾರಿಸುತ್ತದೆ. ಮೊದಲು ಬರುವ ಐಜಿಎಂ ಮಾಸನ್ನು ದಾಟದು, ಆದ್ದರಿಂದ ಮೊದಲ ಮಗು ಸಾಮಾನ್ಯವಾಗಿ ಪಾರು. ಮುಂದಿನ ಬಸಿರಿನಲ್ಲಿ ಐಜಿಜಿ ದಾಟಿ ಮಗುವಿನ ರಕ್ತ ಒಡೆಯುತ್ತದೆ. ತಡೆ ಹೀಗೆ: ಮೊದಲ ಭೇಟಿಯಲ್ಲಿ ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆ (ತಾಯಿಯ ರಕ್ತದಲ್ಲಿ ಆ ಪ್ರತಿಕಾಯ ಇದೆಯೇ ಎಂದು ನೋಡುವುದು), 28ನೇ ವಾರ ಮತ್ತೆ ಅದೇ ಪರೀಕ್ಷೆಗೆ ರಕ್ತ ಕೊಟ್ಟು, ನೆಗೆಟಿವ್ ಇದ್ದರೆ 300 ಮೈಕ್ರೋಗ್ರಾಂ ಆ್ಯಂಟಿ-ಡಿ. ಹೆರಿಗೆಯಾಗಿ ಮಗು ಪಾಸಿಟಿವ್ ಎಂದಾದರೆ 72 ಗಂಟೆಯೊಳಗೆ ಇನ್ನೊಂದು. ಗರ್ಭಪಾತ, ನಡುವೆ ರಕ್ತಸ್ರಾವ, ಹೊಟ್ಟೆಗೆ ಪೆಟ್ಟು, ಸ್ಕೂಟರಿನಿಂದ ಬಿದ್ದದ್ದು, ಇವೆಲ್ಲಕ್ಕೂ 72 ಗಂಟೆಯೊಳಗೆ ಡಾಕ್ಟರನ್ನು ಕಾಣಬೇಕು. ಮಾತ್ರೆ ನುಂಗಿ ಮನೆಯಲ್ಲೇ ಗರ್ಭಪಾತ ಮಾಡಿಕೊಂಡವರಲ್ಲಿ ಇದು ತಪ್ಪಿಹೋಗುವುದು ಹೆಚ್ಚು.

ಇಲ್ಲಿ ಒಂದು ಬಲೆಯಿದೆ. 28ನೇ ವಾರದಲ್ಲಿ ಆ್ಯಂಟಿ-ಡಿ ಕೊಟ್ಟ ಮೇಲೆ ಕೆಲವು ವಾರ ಕೂಂಬ್ಸ್ ಪರೀಕ್ಷೆ ತುಸು ಪಾಸಿಟಿವ್ ಬರುತ್ತದೆ, ಚುಚ್ಚಿದ ಪ್ರತಿಕಾಯವೇ ಅದರಲ್ಲಿ ಕಾಣುತ್ತದೆ. ತವರಿನ ಹೊಸ ಆಸ್ಪತ್ರೆಯವರಿಗೆ ಅದು ತಿಳಿಯದೆ 'ಇವರಿಗೆ ಈಗಾಗಲೇ ಪ್ರತಿಕಾಯ ಬಂದಿದೆ, ಇನ್ನು ಆ್ಯಂಟಿ-ಡಿ ಪ್ರಯೋಜನವಿಲ್ಲ' ಎಂದು ಹೆರಿಗೆ ನಂತರದ ಡೋಸ್ ಬಿಟ್ಟುಬಿಡಬಹುದು. ಆದ್ದರಿಂದ ಹಾಕಿದ ದಿನಾಂಕ, ಪ್ರಮಾಣ, ಬ್ಯಾಚ್ ನಂಬರನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಶೀಶೆಯ ಲೇಬಲ್ ಅಂಟಿಸಿಕೊಳ್ಳಿ. ನೀವೇ ಔಷಧ ತರಬೇಕಿದ್ದರೆ 2–8 ಡಿಗ್ರಿಯಲ್ಲಿ, ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ತನ್ನಿ, ಐಸಿಗೆ ನೇರ ತಾಗಿ ಹೆಪ್ಪುಗಟ್ಟಬಾರದು.

ಫ್ಲೂ ಲಸಿಕೆ ಯಾವ ತಿಂಗಳಲ್ಲಾದರೂ ಹಾಕಿಸಬಹುದು, ಮಳೆಗಾಲಕ್ಕೆ ಮುಂಚೆ ಆದರೆ ಒಳ್ಳೆಯದು. ನಾಯಿ ಕಚ್ಚಿದರೆ ಬಸುರಿ ಎಂಬ ಕಾರಣಕ್ಕೆ ರೇಬೀಸ್ ಲಸಿಕೆ ಮುಂದೂಡಬೇಡಿ. 15 ನಿಮಿಷ ಸೋಪುನೀರಿನಲ್ಲಿ ತೊಳೆದು ಅವತ್ತೇ ಹೋಗಿ, ಚರ್ಮ ಹರಿದು ರಕ್ತ ಬಂದಿದ್ದರೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯ) ಕೂಡ ಬೇಕು.

ಜ್ವರ ಬಂದಾಗ

ವೈರಸ್ಸಿನ ವಿರುದ್ಧದ ಪ್ರತಿಕ್ರಿಯೆ ಬದಲಾಗುವುದರಿಂದಲೂ, ಗರ್ಭಕೋಶ ಮೇಲೇರಿ ಶ್ವಾಸಕೋಶಕ್ಕೆ ಜಾಗ ಕಡಿಮೆಯಾಗುವುದರಿಂದಲೂ ಕೆಲವು ಸೋಂಕುಗಳು ಬಸುರಿಯರಲ್ಲಿ ಉಗ್ರವಾಗುತ್ತವೆ. ಎಲ್ಲವೂ ಅಲ್ಲ. ಫ್ಲೂ, ಚಿಕನ್‌ಪಾಕ್ಸ್, ಮಲೇರಿಯಾ, ಹೆಪಟೈಟಿಸ್-ಇ ಈ ಪಟ್ಟಿಯಲ್ಲಿವೆ, ಡೆಂಗಿಯನ್ನೂ ಸೇರಿಸಿಕೊಳ್ಳಿ.

100.4 ಫ್ಯಾರನ್‌ಹೀಟ್ ದಾಟಿದರೆ ಪ್ಯಾರಾಸಿಟಮಾಲ್ 500 ಅಥವಾ 650, ಆರು ಗಂಟೆಗೊಮ್ಮೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ: ಡೆಂಗಿ ಇದ್ದರೆ ರಕ್ತಸ್ರಾವ, ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ನಾಳ ಬೇಗ ಮುಚ್ಚುವ ಅಪಾಯ. ಅವತ್ತೇ ರಕ್ತದ ಎಣಿಕೆ ಮಾಡಿಸಿ. ಡೆಂಗಿ ಪರೀಕ್ಷೆಯಾದರೆ ಜ್ವರದ ಮೊದಲ ಐದು ದಿನ ಎನ್‌ಎಸ್1, ಆಮೇಲೆ ಐಜಿಎಂ. ಡೆಂಗಿ ಎಂದಾದರೆ ಆಸ್ಪತ್ರೆಯಲ್ಲೇ ಇರುವುದು ಉತ್ತಮ. ಅಪಾಯದ ಹೊತ್ತು ಜ್ವರ ಬಿಡುವಾಗ, ಅಂದರೆ ಮೂರರಿಂದ ಏಳನೇ ದಿನ. ಎಲ್ಲರೂ ಪ್ಲೇಟ್‌ಲೆಟ್ ನೋಡುತ್ತಾರೆ, ನೋಡಬೇಕಾದ್ದು ಹಿಮಾಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳು ನೂರಕ್ಕೆ ಎಷ್ಟು ಎಂಬುದು. ಬಸಿರಿನಲ್ಲಿ ಅದು ಸಹಜವಾಗಿಯೇ 32–34ಕ್ಕೆ ಇಳಿದಿರುವುದರಿಂದ 39–40ಕ್ಕೆ ಏರಿದರೂ ಲ್ಯಾಬಿಗೆ ಅದು ನಾರ್ಮಲ್. ನಿಜದಲ್ಲಿ ರಕ್ತನಾಳದಿಂದ ನೀರು ಸೋರುತ್ತಿದೆ ಎಂದರ್ಥ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು ಕಂಡರೆ ಕಾಯಬೇಡಿ. ಹೆರಿಗೆಯ ಹೊತ್ತಿಗೆ ಡೆಂಗಿ ಇದ್ದರೆ ಮಕ್ಕಳ ಡಾಕ್ಟರಿಗೂ ತಿಳಿಸಿ, ಮಗುವಿಗೂ ಬರಬಹುದು.

ಕೆಮ್ಮು, ಮೈಕೈ ನೋವಿನ ಜೊತೆ ಜ್ವರವಾದರೆ ಫ್ಲೂ ಔಷಧ ಒಸೆಲ್ಟಮಿವಿರ್ 75 ಮಿ.ಗ್ರಾಂ ದಿನಕ್ಕೆರಡು ಸಲ ಐದು ದಿನ. 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ, ಪರೀಕ್ಷೆಯ ವರದಿಗೆ ಕಾಯದೆ ಡಾಕ್ಟರು ಬರೆದುಕೊಡಬಹುದು. ಆಕ್ಸಿಜನ್ ಮಟ್ಟ 95ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆ.

ಕಣ್ಣು ಹಳದಿಯಾದರೆ ಗಿಡಮೂಲಿಕೆಯ ಕಾಮಾಲೆ ಔಷಧ ಕೊಡಿಸಲು ಊರಿಗೆ ಕರೆದುಕೊಂಡು ಹೋಗುವ ರೂಢಿ ಇನ್ನೂ ಇದೆ. ಬಸುರಿಯ ವಿಷಯದಲ್ಲಿ ಅದು ಪ್ರಾಣಕ್ಕೇ ಬರಬಹುದು. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್-ಇ ಬಂದವರಲ್ಲಿ ನೂರಕ್ಕೆ ಸುಮಾರು 20ರಷ್ಟು ಸಾವುಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಇದು ನೀರಿನಿಂದ ಬರುವ ರೋಗ. ಟ್ಯಾಂಕರ್ ನೀರು, ಬೋರ್‌ವೆಲ್, ಒಳಚರಂಡಿ ಸೋರಿ ಸೇರುವ ಸಂಪು, ಇವೆಲ್ಲ ಇರುವ ಊರಿನಲ್ಲಿ ಕುಡಿಯುವ ನೀರನ್ನು ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ ಆರಿಸಿ. ಪಾನಿಪುರಿಯ ಪಾನಿ, ಹೊರಗಿನ ಜ್ಯೂಸಿನ ಐಸು ಒಂಬತ್ತು ತಿಂಗಳು ಬಿಟ್ಟರೆ ಕಳೆದುಕೊಳ್ಳುವುದೇನಿಲ್ಲ.

ಅಮೃತಬಳ್ಳಿಯ ವಿಷಯಕ್ಕೆ ಬಂದರೆ, ಅದರ ಕಷಾಯ, ಮಾತ್ರೆಗಳಿಂದ ಲಿವರಿಗೆ ಪೆಟ್ಟು ಬಿದ್ದ ಪ್ರಕರಣಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಿಂದಲೇ ವರದಿಯಾಗಿವೆ, ಆಟೊಇಮ್ಯೂನ್ ಕಾಯಿಲೆ ಇದ್ದವರಲ್ಲಿ ಹೆಚ್ಚು. ಮೆಣಸು, ಜೀರಿಗೆ ಹಾಕಿದ ಸಾರು ಉಣ್ಣಿ, ಅದು ಊಟ. ಇಮ್ಯೂನಿಟಿ ಏರಿಸುವ ಡಬ್ಬಿಗಳು ಬೇಡ. ಬಸಿರು ಅಷ್ಟು ಕಷ್ಟಪಟ್ಟು ಹೊಂದಿಸಿಕೊಂಡದ್ದನ್ನು ಕೆರಳಿಸುವುದರಲ್ಲಿ ಯಾವ ಲಾಭವೂ ಇಲ್ಲ.

ಪದೇ ಪದೇ ಗರ್ಭಪಾತವಾದಾಗ: ಯಾವುದಕ್ಕೆ ಹೂಂ, ಯಾವುದಕ್ಕೆ ಬೇಡ

ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೂ ಹೆಚ್ಚು ಭ್ರೂಣದ ಕ್ರೋಮೋಸೋಮಿನ ದೋಷದಿಂದ, ಅಲ್ಲಿ ರೋಗನಿರೋಧಕ ವ್ಯವಸ್ಥೆಯ ತಪ್ಪೇನಿಲ್ಲ. ಗಟ್ಟಿ ಆಧಾರವಿರುವ, ಚಿಕಿತ್ಸೆಯೂ ಇರುವ ರೋಗನಿರೋಧಕ ಕಾರಣವೆಂದರೆ ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಮೂರು ಪರೀಕ್ಷೆ: ಲೂಪಸ್ ಆ್ಯಂಟಿಕೊಆಗ್ಯುಲಂಟ್, ಆ್ಯಂಟಿಕಾರ್ಡಿಯೊಲಿಪಿನ್, ಆ್ಯಂಟಿ-ಬೀಟಾ-2 ಗ್ಲೈಕೊಪ್ರೋಟೀನ್. ಒಮ್ಮೆ ಪಾಸಿಟಿವ್ ಬಂದರೆ ಸಾಲದು, ಕನಿಷ್ಠ 12 ವಾರ ಬಿಟ್ಟು ಮತ್ತೆ ಬರಬೇಕು. ವೈರಲ್ ಜ್ವರದ ನಂತರ ತಾತ್ಕಾಲಿಕವಾಗಿ ಪಾಸಿಟಿವ್ ಆಗುವುದುಂಟು, ರಕ್ತ ತೆಳುವಾಗಿಸುವ ಹೆಪಾರಿನ್ ನಡೆಯುತ್ತಿದ್ದರೆ ಲೂಪಸ್ ಆ್ಯಂಟಿಕೊಆಗ್ಯುಲಂಟ್ ಪರೀಕ್ಷೆಯ ಫಲಿತಾಂಶ ಕೆಡಬಹುದು. ಖಚಿತವಾದರೆ ಆಸ್ಪಿರಿನ್ ಜೊತೆ ದಿನವೂ ಹೆಪಾರಿನ್ ಚುಚ್ಚುಮದ್ದು, ಸಾಮಾನ್ಯವಾಗಿ ಎನಾಕ್ಸಪರಿನ್ 40 ಮಿ.ಗ್ರಾಂ. ಇದರ ಜೊತೆ ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಆಕಾರದ ಸ್ಕ್ಯಾನ್ ಸಾಕಷ್ಟು ಸಲ ಉತ್ತರ ಕೊಡುತ್ತವೆ.

ಟಾರ್ಚ್ ಪರೀಕ್ಷೆಯನ್ನು (ಟೊಕ್ಸೊಪ್ಲಾಸ್ಮಾ, ರುಬೆಲ್ಲಾ ಮುಂತಾದ ಸೋಂಕುಗಳ ಪ್ರತಿಕಾಯ ನೋಡುವುದು) ನಮ್ಮಲ್ಲಿ ಗರ್ಭಪಾತವಾದ ಪ್ರತಿಯೊಬ್ಬರಿಗೂ ಬರೆಯುವ ಅಭ್ಯಾಸ ಹೋಗಿಲ್ಲ. ಮರುಕಳಿಸುವ ಗರ್ಭಪಾತಕ್ಕೆ ಇದು ಕಾರಣ ತೋರಿಸುವುದಿಲ್ಲ. ಐಜಿಜಿ ಪಾಸಿಟಿವ್ ಎಂದರೆ ಎಂದೋ ಬಂದು ಹೋದ ಸೋಂಕು. ರುಬೆಲ್ಲಾದಲ್ಲಂತೂ ಅದು ಪಾಸಿಟಿವ್ ಇರುವುದೇ ಒಳ್ಳೆಯದು, ಚಿಕಿತ್ಸೆ ಬೇಡ. ರಕ್ತದಲ್ಲಿ ಎನ್‌ಕೆ ಕೋಶ ಎಣಿಸುವ ಪರೀಕ್ಷೆಗೂ ಅರ್ಥವಿಲ್ಲ. ರಕ್ತದ ಎನ್‌ಕೆ, ಗರ್ಭಕೋಶದ ಎನ್‌ಕೆ ಬೇರೆ ಬೇರೆ ಎಂದು ಮೇಲೆ ನೋಡಿದೆವು. ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆ ಒಂದಿದೆ. 1999ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ, 2002ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಸಂಶೋಧನೆಯ ಹೊರಗೆ ಅದನ್ನು ತಡೆದರು. ಇಂಟ್ರಾಲಿಪಿಡ್ (ಕೊಬ್ಬಿನ ದ್ರಾವಣ) ಡ್ರಿಪ್ ಯಾರಾದರೂ ಹೇಳಿದರೆ 'ಯಾವ ಪರೀಕ್ಷೆಯ ಆಧಾರದ ಮೇಲೆ? ಇದಿಲ್ಲದೆ ಹೋದರೆ ಏನಾಗುತ್ತದೆ?' ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಲೂಪಸ್‌ನಂಥ ಕಾಯಿಲೆ ಹುಡುಕಲು ಮಾಡುವ ಎಎನ್‌ಎ ಪರೀಕ್ಷೆ 1:80 ಪಾಸಿಟಿವ್ ಎಂಬುದು ಎಷ್ಟೋ ಆರೋಗ್ಯವಂತ ಹೆಂಗಸರಲ್ಲೂ ಬರುತ್ತದೆ, ಅದೊಂದನ್ನೇ ಹಿಡಿದು ಸ್ಟೀರಾಯ್ಡ್ ಶುರುಮಾಡಬಾರದು.

ಲೂಪಸ್‌ನಂಥ ಕಾಯಿಲೆಗಳಲ್ಲಿ ಕಾಣುವ ಆ್ಯಂಟಿ-ರೋ ಪ್ರತಿಕಾಯ ಪಾಸಿಟಿವ್ ಇರುವವರ ಕತೆ ಬೇರೆ. ಅದು ಮಾಸು ದಾಟಿ ಮಗುವಿನ ಹೃದಯದ ವಿದ್ಯುತ್ ದಾರಿಯನ್ನು ಕೆಡಿಸಬಹುದು, ನೂರರಲ್ಲಿ ಒಂದೆರಡು ಮಕ್ಕಳಲ್ಲಿ. ಹೆಚ್ಚಿನ ಅಪಾಯ 16ರಿಂದ 26ನೇ ವಾರದ ನಡುವೆ. ಆಗ ಮಗುವಿನ ಹೃದಯದ ಎಕೊ ಮಾಡಿಸುವ ಬಗ್ಗೆ ಮಾತಾಡಿ.

ಹೆರಿಗೆಯ ನಂತರ

ಮಾಸು ಹೊರಬಿದ್ದೊಡನೆ ವ್ಯವಸ್ಥೆ ಹಳೆಯ ಸ್ಥಿತಿಗೆ ಮರಳಲು ಶುರುವಾಗುತ್ತದೆ, ಕೆಲವೊಮ್ಮೆ ತೀರ ಜೋರಾಗಿ. ಬಸಿರಿನಲ್ಲಿ ತಗ್ಗಿದ್ದ ಸಂಧಿವಾತ ಬಾಣಂತನದ ಮೊದಲ ಮೂರು ತಿಂಗಳಲ್ಲಿ ಮರುಕಳಿಸುವುದು ಸಾಮಾನ್ಯ. ಇದನ್ನು 1938ರಲ್ಲೇ ಗಮನಿಸಿ ಬರೆದ ಫಿಲಿಪ್ ಹೆಂಚ್ ಮುಂದೆ ಕಾರ್ಟಿಸೋನಿನ ಕೆಲಸಕ್ಕೆ ನೊಬೆಲ್ ಪಡೆದರು. ಬೆಳಗ್ಗೆ ಬೆರಳು ಮಡಚಲಾಗದಿದ್ದರೆ 'ಬಾಣಂತಿಗೆ ಶೀತ ಹೊಕ್ಕಿದೆ' ಎಂದು ಬಿಡಬೇಡಿ. ಮೊದಲ ವರ್ಷದಲ್ಲಿ ಕಾರಣವಿಲ್ಲದ ಎದೆಬಡಿತ, ತೂಕ ಇಳಿಕೆ, ಆಮೇಲೆ ವಿಪರೀತ ಸುಸ್ತು ಬಂದರೆ ಟಿಎಸ್‌ಎಚ್ ನೋಡಿಸಿ, ಥೈರಾಯ್ಡ್ ಉರಿಯೂತವಿರಬಹುದು. ಪ್ರಿಎಕ್ಲಾಂಪ್ಸಿಯಾ ಹೆರಿಗೆಯ ಮೇಲೆ ಶುರುವಾಗುವುದೂ ಉಂಟು, ಬಿಪಿ ಯಂತ್ರವನ್ನು ಆರು ವಾರ ಕೈಗೆಟುಕುವಂತಿಡಿ. ಬಾಣಂತಿಗೆ 100.4 ದಾಟಿದ ಜ್ವರ, ನಡುಕ, ದುರ್ವಾಸನೆಯ ಸ್ರಾವ ಇದ್ದರೆ ಅದು ನಂಜು, ಗಂಟೆಗಳ ಲೆಕ್ಕ.

ಮೊದಲ ಹಳದಿ ಗಿಣ್ಣುಹಾಲನ್ನು ಚೆಲ್ಲಬೇಡಿ, ಜೇನುತುಪ್ಪ ನೆಕ್ಕಿಸಬೇಡಿ. ಮಾಸಿನ ಮೂಲಕ ದಾಟುವುದು ಐಜಿಜಿ ಮಾತ್ರ, ಕರುಳಿನ ಗೋಡೆ ಕಾಯುವ ಐಜಿಎ ಸಿಗುವುದು ಹಾಲಿನಿಂದಲೇ. ತಾಯಿಗೆ ಹೆಪಟೈಟಿಸ್-ಬಿ ಇದ್ದರೆ ಮಗುವಿಗೆ ಹುಟ್ಟಿದ 12 ಗಂಟೆಯೊಳಗೆ ಲಸಿಕೆಯೂ ಇಮ್ಯುನೋಗ್ಲೋಬ್ಯುಲಿನ್ನೂ ಬೇಕು. ಎರಡನೆಯದು ಎಲ್ಲ ಆಸ್ಪತ್ರೆಯಲ್ಲೂ ದಾಸ್ತಾನಿರುವುದಿಲ್ಲ, 36ನೇ ವಾರದಲ್ಲೇ ಕೇಳಿ ತರಿಸಿಡಿ.

ಕೊನೆಯದಾಗಿ, ಬಸಿರಿನ ಕೊನೆಯ ತಿಂಗಳುಗಳಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಅಡಾಲಿಮುಮ್ಯಾಬ್ (ಸಂಧಿವಾತ, ಕರುಳಿನ ಉರಿಯೂತಕ್ಕೆ ಕೊಡುವ, ರೋಗನಿರೋಧಕ ಶಕ್ತಿ ತಗ್ಗಿಸುವ ಚುಚ್ಚುಮದ್ದು) ಪಡೆದವರಿಗೆ. ಇವೂ ಐಜಿಜಿಗಳೇ, ಮಗುವಿಗೆ ದಾಟಿ ತಿಂಗಳುಗಟ್ಟಲೆ ಅದರ ರಕ್ತದಲ್ಲಿ ಉಳಿಯುತ್ತವೆ. ನಮ್ಮಲ್ಲಿ ಹುಟ್ಟಿದ ದಿನವೇ ಬಿಸಿಜಿ ಚುಚ್ಚುತ್ತಾರೆ, ಅದರಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ಇಂಥ ಮಗುವಿಗೆ ಬಿಸಿಜಿಯನ್ನು ಕನಿಷ್ಠ ಆರು ತಿಂಗಳು ಮುಂದೂಡಬೇಕು, ರೋಟಾವೈರಸ್ ಮತ್ತು ಪೋಲಿಯೋ ಹನಿಯ ಬಗ್ಗೆ ಮಕ್ಕಳ ಡಾಕ್ಟರನ್ನು ಕೇಳಬೇಕು. ವಾರ್ಡಿಗೆ ಬರುವ ಲಸಿಕೆಯ ಸಿಸ್ಟರ್‌ಗೆ ಇದು ಗೊತ್ತಿರುವುದಿಲ್ಲ. ಔಷಧದ ಹೆಸರು, ಕೊನೆಯ ಡೋಸಿನ ತಾರೀಕನ್ನು ದಪ್ಪ ಅಕ್ಷರದಲ್ಲಿ ಬರೆದು ತಾಯಿ ಕಾರ್ಡಿಗೆ ಪಿನ್ ಮಾಡಿ, ಒಂದು ಪ್ರತಿಯನ್ನು ಮಗುವಿನ ಕೇಸ್ ಶೀಟಿಗೂ ಹಾಕಿಸಿ.